ಮೊದಲು ಗಾಜು ತೊಳೆಯಿರಿ, ಬೀಜ ಆಮೇಲೆ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನೋ ಮಾತು ಕೇಳಿಕೊಂಡೇ ಬೆಳೆದವಳು ನಾನು. ಬ್ಯಾಡಗಿ ಹತ್ತಿರ ನಮ್ಮ ಹಳ್ಳಿ. ಈಗ ಹನ್ನೊಂದು ವರ್ಷದಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ಇಲ್ಲಿ ಶಿವರಾತ್ರಿ ಕಳೆದು, ಯುಗಾದಿಯೂ ಮುಗಿದು, ಬಸವ ಜಯಂತಿ ಹೊತ್ತಿಗೂ ಒಂದೊಂದು ರಾತ್ರಿ ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ಅದನ್ನೇ ಫ್ರಾಸ್ಟ್ ಅನ್ನುತ್ತಾರೆ. ಮೆಣಸಿನಕಾಯಿ, ಬದನೆ ಸಸಿಗಳಿಗೆ ಒಂದೇ ರಾತ್ರಿಯ ಫ್ರಾಸ್ಟ್ ಸಾಕು, ಬೆಳಗಾಗುವಷ್ಟರಲ್ಲಿ ಕುದಿಸಿದ ಸೊಪ್ಪಿನ ಹಾಗೆ ಜೋತುಬೀಳುತ್ತವೆ. ಹಾಗಾಗಿ ಇಲ್ಲಿ ನಮ್ಮೂರಿನ ತರಕಾರಿ ಬೆಳೆಯಬೇಕಂದರೆ ಗ್ರೀನ್‌ಹೌಸ್, ಅಂದರೆ ಗಿಡ ಬೆಳೆಸುವ ಗಾಜಿನ ಮನೆ, ಬೇಕೇ ಬೇಕು.

ನಮ್ಮದು ಎಂಟು ಅಡಿಗೆ ಆರು ಅಡಿಯದ್ದು, ಅಲ್ಯೂಮಿನಿಯಂ ಚೌಕಟ್ಟು, ಮೂರು ಮಿಲಿಮೀಟರ್ ಗಾಜು. ಪಕ್ಕದ ಮನೆಯ ಅಜ್ಜ ಮಗಳ ಊರಿಗೆ ಹೋಗುವಾಗ ಬಿಚ್ಚಿ ಕೊಟ್ಟುಹೋದದ್ದು. ಕೊಡುವಾಗ ಅವರು ಹೇಳಿದ್ದು ಒಂದೇ: ಬೀಜದ ಪ್ಯಾಕೆಟ್ ಒಡೆಯುವ ಮುಂಚೆ ಗಾಜು ತೊಳಿ. ಮೊದಲ ವರ್ಷ ನಾನು ತೊಳೆಯಲಿಲ್ಲ. ಸಸಿಗಳು ಬೆಳಕು ಹುಡುಕುತ್ತಾ ದಾರದಂತೆ ಉದ್ದವಾಗಿ, ತಲೆಭಾರ ತಡೆಯದೆ ಮಲಗಿಬಿಟ್ಟವು. ಚಳಿಗೆ ಹೀಗಾಯಿತು ಅಂದುಕೊಂಡು ಹೀಟರ್ ಹೆಚ್ಚು ಮಾಡಿದೆ. ಇನ್ನೂ ಉದ್ದವಾದವು. ಬಿಸಿ ಇದ್ದು ಬೆಳಕಿಲ್ಲದಿದ್ದರೆ ಸಸಿ ಹಾಗೇ ಆಗುವುದು. ಡಿಸೆಂಬರ್‌ನಲ್ಲಿ ಇಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ, ಫೆಬ್ರುವರಿ ನಡುವಿಗೆ ಹತ್ತು ಗಂಟೆ. ನಮ್ಮೂರಲ್ಲಿ ಡಿಸೆಂಬರ್‌ನಲ್ಲೂ ಹನ್ನೊಂದು ಗಂಟೆ ದಾಟುತ್ತದೆ. ಬಿಸಿಯನ್ನು ದುಡ್ಡು ಕೊಟ್ಟು ತರಬಹುದು. ಇಡೀ ಗ್ರೀನ್‌ಹೌಸಿಗೆ ಬೆಳಕು ತರುವುದಕ್ಕಾಗುವುದಿಲ್ಲ, ಬಂದದ್ದನ್ನು ಒಳಗೆ ಬಿಟ್ಟುಕೊಳ್ಳಬೇಕು ಅಷ್ಟೆ.

ಫೆಬ್ರುವರಿ ಮೊದಲ ವಾರದಲ್ಲಿ ಮಳೆ ಗಾಳಿ ಇಲ್ಲದ ಒಂದು ದಿನ ನೋಡಿ, ಒಳಗಿರುವುದನ್ನೆಲ್ಲ ಹೊರಗೆ ಹಾಕಿ. ಕುಂಡ, ಟ್ರೇ, ಬಿದಿರು ಕಡ್ಡಿ, ಹೋದ ವರ್ಷದ ಒಣಗಿದ ಟೊಮೆಟೊ ಬಳ್ಳಿ, ಎಲ್ಲವೂ. ಒಂದು ಒಣ ಎಲೆಯನ್ನೂ ಬಿಡಬೇಡಿ, ಬೂದಿ ಬಣ್ಣದ ಬೂಷ್ಟು ಅದರ ಮೇಲೇ ಚಳಿಗಾಲ ಕಳೆಯುತ್ತದೆ. ಮೂಲೆಯಲ್ಲಿ ಎದ್ದ ಕಳೆಯನ್ನೂ ಕೀಳಿ, ಬಿಳಿನೊಣಕ್ಕೆ ಅದೇ ಆಸರೆ. ಆಮೇಲೆ ಒಣ ಪೊರಕೆಯಿಂದ ಮೇಲಿನಿಂದ ಕೆಳಕ್ಕೆ ಗುಡಿಸಿ.

ತೊಳೆಯುವುದಕ್ಕೆ ಒಂದು ಬಕೆಟ್ ಬಿಸಿನೀರು, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ, ಉದ್ದ ಹಿಡಿಯ ಮೆತ್ತನೆ ಬ್ರಷ್. ಮೊದಲು ಒಳಗಿನಿಂದ ಮಾಡಿನ ಗಾಜು, ಆಮೇಲೆ ಗೋಡೆಯದು, ಕೊನೆಗೆ ಹೊರಗೆ. ಎಲ್ಲಕ್ಕಿಂತ ಹಟಮಾರಿ ಎಂದರೆ ಒಂದು ಗಾಜು ಇನ್ನೊಂದರ ಮೇಲೆ ಕೂತಿರುವ ಅಂಚು. ಆ ಸಂದಿಯಲ್ಲಿ ಹಸಿರು ಪಾಚಿ ಬೆರಳಗಲ ಕಟ್ಟಿರುತ್ತದೆ, ಬ್ರಷ್ ಹೋಗುವುದಿಲ್ಲ. ಗಿಡದ ಹೆಸರು ಬರೆಯುವ ಪ್ಲಾಸ್ಟಿಕ್ ಪಟ್ಟಿ ಇರುತ್ತದಲ್ಲ, ಅದನ್ನು ತೂರಿಸಿ ಎಳೆಯಿರಿ, ಹಿಂದೆಯೇ ಪೈಪಿನಿಂದ ನೀರು ಬಿಡಿ. ಚೌಕಟ್ಟಿನ ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಬಿಸಿನೀರು. ಎಲೆಯ ರಸ ಹೀರುವ ಕೆಂಪು ಜೇಡನುಸಿ ಅಡಗುವುದು ಅಲ್ಲೇ, ಮತ್ತೆ ಬಿದಿರು ಕಡ್ಡಿಯ ಸೀಳಿನಲ್ಲಿ. ಸೀಳಿದ ಕಡ್ಡಿಗಳನ್ನು ನಾನು ಇಟ್ಟುಕೊಳ್ಳುವುದಿಲ್ಲ. ಹಿಂದೆ ಗಂಧಕದ ಹೊಗೆ ಹಾಕುತ್ತಿದ್ದರಂತೆ. ಅದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ನೀವು ಹಾಕಬೇಡಿ. ಕುಂಡ, ಟ್ರೇಗಳನ್ನೂ ಅದೇ ಸೋಪುನೀರಿನಲ್ಲಿ ಉಜ್ಜಿ ಬಿಸಿಲಿಗೆ ಬೋರಲು ಹಾಕಿ. ಇಬ್ಬರಿದ್ದರೆ ಅರ್ಧ ದಿನದ ಕೆಲಸ. ನಮ್ಮ ಮನೆಯವರು ಹೊರಗೆ ಪೈಪ್ ಹಿಡಿಯುತ್ತಾರೆ, ನಾನು ಒಳಗೆ. ಮುಗಿದ ಮೇಲೆ ಒಳಗೆ ನಿಂತು ತಲೆ ಎತ್ತಿದರೆ ಮಾಡು ತೆಗೆದಿಟ್ಟ ಹಾಗೆ ಕಾಣುತ್ತದೆ. ವರ್ಷದ ಕೆಲಸದಲ್ಲೆಲ್ಲ ನನಗೆ ಇಷ್ಟವಾದ ಗಳಿಗೆ ಅದು.

ಗಾಜು ಸ್ವಚ್ಛವಾದರೆ ಬಿರುಕೂ ಕಣ್ಣಿಗೆ ಬೀಳುತ್ತದೆ. ಗಾಜು ಹಿಡಿದಿರುವ ತಂತಿಯ ಕ್ಲಿಪ್‌ಗಳನ್ನು ಒಂದೊಂದಾಗಿ ಒತ್ತಿ ನೋಡಿ, ಸಡಿಲ ಬೋಲ್ಟ್ ಬಿಗಿ ಮಾಡಿ. ಒಂದು ಫೆಬ್ರುವರಿಯಲ್ಲಿ ಬಾಗಿಲು ಪೂರ್ತಿ ಹಾಕದೆ ಮಲಗಿದ್ದೆ. ರಾತ್ರಿ ಗಾಳಿ ಎದ್ದು ಒಳನುಗ್ಗಿ ಮಾಡಿನ ಮೂರು ಗಾಜುಗಳನ್ನು ಒಳಗಿನಿಂದಲೇ ಎತ್ತಿ ಎಸೆದಿತ್ತು. ಈ ಹಳೆಯ ಗಾಜು ಒಡೆದರೆ ಪುಡಿಯಾಗುವುದಿಲ್ಲ, ಕತ್ತಿಯಂತಹ ಉದ್ದುದ್ದ ಚೂರಾಗುತ್ತದೆ. ಮಗ ಆಗಿನ್ನೂ ಚಿಕ್ಕವನು. ಆ ವಾರವೇ ಕೆಳಗಿನ ಸಾಲಿನ ಗಾಜೆಲ್ಲ ತೆಗೆಸಿ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆ ಹಾಕಿಸಿದೆವು. ಮನೆಯಲ್ಲಿ ಮಕ್ಕಳಿದ್ದರೆ ನೀವೂ ಹಾಗೇ ಮಾಡಿ. ಗಾಳಿಯ ಮುನ್ಸೂಚನೆ ಇದ್ದ ದಿನ ಬಾಗಿಲು, ಕಿಟಕಿ ಎರಡೂ ಭದ್ರವಾಗಿರಲಿ.

ಬಿಸಿಯ ವಿಚಾರದಲ್ಲಿ ನನ್ನ ಅಭಿಪ್ರಾಯ ಖಚಿತ: ಇಡೀ ಗ್ರೀನ್‌ಹೌಸ್ ಕಾಯಿಸಲು ಹೋಗಬೇಡಿ. ಒಂದು ಮೂಲೆಗೆ ದೊಡ್ಡ ಗುಳ್ಳೆಯ ಬಬಲ್ ರ‍್ಯಾಪ್ ಇಳಿಬಿಟ್ಟು ಪುಟ್ಟ ಕೋಣೆ ಮಾಡಿ, ಅಷ್ಟನ್ನೇ ಕಾಯಿಸಿ. ಥರ್ಮೋಸ್ಟಾಟ್ ಇರುವ ಸಣ್ಣ ವಿದ್ಯುತ್ ಹೀಟರ್ ಸಾಕು. ಸೀಮೆಎಣ್ಣೆಯ ಹೀಟರ್ ಅಗ್ಗ, ಆದರೆ ಒಂದು ಲೀಟರ್ ಎಣ್ಣೆ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಅಲ್ಲೇ ಸೇರುತ್ತದೆ. ಗಾಜೆಲ್ಲ ಬೆವರಿ ಬೂಷ್ಟು ಹಿಡಿಯುತ್ತದೆ. ರಾತ್ರಿಯ ಅತಿ ಕಡಿಮೆ, ಹಗಲಿನ ಅತಿ ಹೆಚ್ಚು ಎರಡನ್ನೂ ತೋರಿಸುವ ಥರ್ಮಾಮೀಟರ್ ಒಂದನ್ನು ತಪ್ಪದೆ ತೂಗುಹಾಕಿ. ರಾತ್ರಿ 12 ಡಿಗ್ರಿಗಿಂತ ಕೆಳಗೆ ಇಳಿಯುತ್ತಿದ್ದರೆ ಮೆಣಸಿನಕಾಯಿ, ಬದನೆ ಸಸಿಗಳು ಮನೆಯೊಳಗೇ ಇರಲಿ.

ಬೀಜದ ಮಾತು. ಪ್ರತಿ ಸಲ ಊರಿಂದ ಹೊರಡುವಾಗ ಅವ್ವ ಬ್ಯಾಡಗಿ ಮೆಣಸಿನಕಾಯಿ ಬೀಜವನ್ನು ಅರಿವೆಯಲ್ಲಿ ಗಂಟುಕಟ್ಟಿ ತರುತ್ತಾಳೆ. ನಾನು ವಾಪಸು ಕೊಡುತ್ತೇನೆ. ಕರುಳು ಕಿವುಚಿದ ಹಾಗಾಗುತ್ತದೆ. ಆದರೆ ಮೆಣಸಿನಕಾಯಿ, ಟೊಮೆಟೊ ಬೀಜವನ್ನು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಬ್ರಿಟನ್ನಿಗೆ ತರುವಂತಿಲ್ಲ. ಬೀಜದೊಳಗೆ ಕೂತು ಬರುವ ರೋಗ ಇಲ್ಲಿಯ ಎಷ್ಟು ಜನರ ಬೆಳೆ ಹಾಳುಮಾಡಬಹುದು ಎಂದು ಯೋಚಿಸಿದರೆ ಕಾನೂನು ಸರಿಯಾಗಿಯೇ ಇದೆ. ಇಲ್ಲಿಯ ಬೀಜದ ಅಂಗಡಿಗಳಲ್ಲೇ ಉದ್ದ, ತೆಳು ಸಿಪ್ಪೆಯ ಮೆಣಸಿನಕಾಯಿ ಸಿಗುತ್ತದೆ, ಗುಂಡು ಬದನೆಯೂ ಸಿಗುತ್ತದೆ. ಎಣ್ಣೆಗಾಯಿಗೆ ಎಳೆಯದರಲ್ಲೇ ಕೊಯ್ದರೆ ಆಯಿತು.

ಮೆಣಸಿನಕಾಯಿ, ಬದನೆ ಬಿತ್ತಲು ಫೆಬ್ರುವರಿ ನಡುವೆ. ಟೊಮೆಟೊ ಮಾರ್ಚ್ ಮೊದಲ ಪಾದದಲ್ಲಿ. ಹೀರೆ, ಸೌತೆ ಏಪ್ರಿಲ್ ಬರಲಿ, ಅವಕ್ಕೆ ಅವಸರ ಸಲ್ಲ. ಬಿತ್ತುವ ಎರಡು ದಿನ ಮುಂಚೆಯೇ ಕಾಂಪೋಸ್ಟ್ ಚೀಲವನ್ನು ಮನೆಯೊಳಗೆ ತಂದಿಡಿ. ಹೊರಗೆ ಬಿದ್ದಿದ್ದ ಕಾಂಪೋಸ್ಟ್ ಮಂಜುಗಡ್ಡೆಯಂತಿರುತ್ತದೆ, ಬೀಜ ಅದರಲ್ಲಿ ಕೊಳೆಯುತ್ತದೆಯೇ ಹೊರತು ಮೊಳೆಯುವುದಿಲ್ಲ. ಮೆಣಸಿನಕಾಯಿಗೆ ತಳದಲ್ಲಿ 20ರಿಂದ 25 ಡಿಗ್ರಿ ಬೇಕು, ಬಿಸಿಯಾಗುವ ಟ್ರೇ ಇದ್ದರೆ ಒಳ್ಳೆಯದು. ಮೊಳೆಯಲು ಒಂದರಿಂದ ಮೂರು ವಾರ. ಮೊಳೆತ ದಿನವೇ ಟ್ರೇಯ ಮುಚ್ಚಳ ತೆಗೆದು ದಕ್ಷಿಣದ ಕಿಟಕಿಗೆ ಇಡಿ. ಸಸಿ ಬುಡದಲ್ಲಿ ಸೊರಗಿ ಮಕಾಡೆ ಬೀಳುವ ರೋಗ ಒಂದಿದೆ, ಬಂದರೆ ಟ್ರೇಗೆ ಟ್ರೇ ಹೋಗುತ್ತದೆ. ಅದಕ್ಕೇ ತೊಳೆದ ಕುಂಡ, ಒತ್ತಾಗದ ಬಿತ್ತನೆ, ಮತ್ತು ನಲ್ಲಿ ನೀರು. ಪೀಪಾಯಿಯಲ್ಲಿ ನಿಂತ ಮಳೆನೀರು ದೊಡ್ಡ ಗಿಡಕ್ಕೆ ಅಮೃತ, ಎಳೆ ಸಸಿಗೆ ಬೇಡ. ನೀರು ಬೇಕೋ ಬೇಡವೋ ಎಂದು ಮಣ್ಣಿನ ಮೇಲ್ಮೈ ನೋಡಿ ತೀರ್ಮಾನಿಸಬೇಡಿ, ಕುಂಡ ಎತ್ತಿ ತೂಕ ನೋಡಿ. ಹಾಕುವುದು ಬೆಳಗ್ಗೆಯೇ.

ಇಷ್ಟೆಲ್ಲ ಕಾಯುವ ಹೊತ್ತಿಗೆ ಗ್ರೀನ್‌ಹೌಸ್ ಖಾಲಿ ಬಿಡುವುದೇಕೆ? ಲೆಸ್ಟರ್‌ನ ಬೆಲ್‌ಗ್ರೇವ್ ರಸ್ತೆಯ ಅಂಗಡಿಯಿಂದ ತಂದ ಅಡುಗೆಮನೆಯ ಮೆಂತೆಯನ್ನೇ ರಾತ್ರಿ ನೆನೆಹಾಕಿ, ಮಾರ್ಚ್ ಮೊದಲಲ್ಲಿ ಗೇಣು ಎತ್ತರದ ಪೆಟ್ಟಿಗೆಗಳಲ್ಲಿ ಚೆಲ್ಲುತ್ತೇನೆ. ಅದಕ್ಕೆ ಚಳಿ ಅಷ್ಟು ಬಾಧಿಸುವುದಿಲ್ಲ, ಹೀಟರೂ ಬೇಡ. ಮೆಂತೆ ಪಲ್ಯ, ಜೋಳದ ರೊಟ್ಟಿ ಮಾಡಿದ ದಿನ ಮನೆಯಲ್ಲಿ ಮಾತೇ ಇರುವುದಿಲ್ಲ.

ಅವ್ವ ಒಮ್ಮೆ ಫೋನಿನಲ್ಲಿ ಕೇಳಿದಳು, "ಗಾಜಿನ ಮನಿಯಾಗ ಗಿಡಕ್ಕ ಉಸರ ಕಟ್ಟೂದಿಲ್ಲೇನವಾ?" ಕಟ್ಟುತ್ತದೆ. ಮಾರ್ಚ್‌ನಲ್ಲಿ ಬಿಸಿಲು ಬಿದ್ದ ಮಧ್ಯಾಹ್ನ, ಹೊರಗೆ 12 ಡಿಗ್ರಿ ಇದ್ದರೂ ಮುಚ್ಚಿದ ಗಾಜಿನೊಳಗೆ 30 ದಾಟಬಹುದು. ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುವವರು ಮಾಡಿನ ಕಿಟಕಿಗೆ ತಾನೇ ತೆರೆದುಕೊಳ್ಳುವ ಸಲಕರಣೆ ಹಾಕಿಸಿ. ಒಳಗಿನ ಮೇಣ ಬಿಸಿಗೆ ಹಿಗ್ಗಿ ಕಿಟಕಿಯನ್ನು ತಳ್ಳುತ್ತದೆ, ತಣ್ಣಗಾದಾಗ ಸ್ಪ್ರಿಂಗ್ ಎಳೆದು ಮುಚ್ಚುತ್ತದೆ. ಕರೆಂಟ್ ಬೇಕಿಲ್ಲ. ಫೆಬ್ರುವರಿಯಲ್ಲೇ ಕೀಲುಗಳಿಗೆ ಒಂದು ಹನಿ ಎಣ್ಣೆ ಬಿಟ್ಟು, ಸರಾಗ ಆಡುತ್ತದೆಯೇ ನೋಡಿಕೊಳ್ಳಿ.

ಏಪ್ರಿಲ್ ಕೊನೆಗೆ ಸಸಿಗಳನ್ನು ಗ್ರೀನ್‌ಹೌಸಿಗೆ ತಂದಾಗ ಕೆಲಸ ಮುಗಿಯಿತು ಅನ್ನಿಸುತ್ತದೆ. ಹಾಗೆ ಅನ್ನಿಸಿದ ವರ್ಷವೇ ಮೇ ಎರಡನೇ ವಾರದ ಒಂದು ರಾತ್ರಿ ನನ್ನ ಎಂಟು ಬದನೆ ಸಸಿ ಹೋದವು. ಹೊದಿಸುವ ಬಿಳಿ ಫ್ಲೀಸ್ ಬಟ್ಟೆಯನ್ನು ಅಟ್ಟಕ್ಕೆ ಹಾಕಿಬಿಟ್ಟಿದ್ದೆ, ಕತ್ತಲಲ್ಲಿ ಏಣಿ ಹತ್ತಿ ಹುಡುಕಲಿಲ್ಲ. ಈಗ ಅದು ಮೇ ಮುಗಿಯುವ ತನಕ ಬಾಗಿಲ ಪಕ್ಕದ ಮೊಳೆಯಲ್ಲೇ ತೂಗುತ್ತಿರುತ್ತದೆ.