ಊಟದ ಮೇಲೆ ಮರ ಏರಿಸುವುದಿಲ್ಲ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಬಳಿ ನಮಗೆ ಎರಡು ಎಕರೆ ಅಡಿಕೆ ತೋಟವಿದೆ. ಉಳಿದ ಹೊತ್ತಿನಲ್ಲಿ ಮಲಯಾಳದ ಭೂದಾಖಲೆ, ನೋಟಿಸುಗಳನ್ನು ಕನ್ನಡಕ್ಕೆ ಅನುವಾದಿಸುತ್ತೇನೆ.

ಮಳೆಗಾಲ ಹಿಡಿಯುವ ಮೊದಲು, ಕಾಯಿ ಉದುರಿಸುವ ಕೊಳೆರೋಗ ಬಾರದಂತೆ ಆಳುಗಳು ಮರ ಏರಿ ಗೊನೆಗಳಿಗೆ ಬೋರ್ಡೋ ಮದ್ದು ಬಿಡಬೇಕು. ನೂರು ಲೀಟರ್ ನೀರಿಗೆ ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ. ಮೊದಲೆಲ್ಲ ಎಂಟರಿಂದ ಐದರ ತನಕ ಬಿಡಿಸುತ್ತಿದ್ದೆ. ಒಂದು ವರ್ಷ ಸಂಜೆ ನಾಲ್ಕರ ಹೊತ್ತಿಗೆ ಮೇಲಿದ್ದವರ ಕಾಲು ಜಾರಿತು. ಹೇಗೋ ಮರವನ್ನು ತಬ್ಬಿಕೊಂಡು ಬದುಕಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನದಿಂದ ಏಳರಿಂದ ಒಂದು ಗಂಟೆಯವರೆಗೆ ಮಾತ್ರ ಕೆಲಸ. ಕೂಲಿ ಇಡೀ ದಿನದ್ದೇ.

‘ಅರ್ಧ ದಿನಕ್ಕೆ ಪೂರ್ತಿ ಸಂಬಳವೇ ಬಾವ?’ ಎಂದು ನೆರೆಯವರು ಕೇಳಿದರು. ಉತ್ತರ ಸಿಕ್ಕಿದ್ದು ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಯ ತಿಂಗಳಲ್ಲಿ. ಹಿಂದಿನ ವರ್ಷಗಳಲ್ಲಿ ಕೊಳೆ ಬಂದು ಕಾಯಿ ಉದುರಿದ್ದು ಹೆಚ್ಚಾಗಿ ಊಟದ ನಂತರ ಮದ್ದು ಬಿಟ್ಟ ಸಾಲುಗಳಲ್ಲಿ. ದಣಿದ ಕೈ ಗೊನೆಯ ಒಂದು ಬದಿಯನ್ನಷ್ಟೇ ನೆನೆಸಿ ಮುಂದಿನ ಮರಕ್ಕೆ ಹೋಗಿತ್ತು. ಈಗ ತೋಟ ಮುಗಿಯಲು ಒಂದು ದಿನ ಹೆಚ್ಚು ಬೇಕು, ಆದರೆ ಅಂಥ ಸಾಲುಗಳಿಲ್ಲ.

ಒಣ ಅಡಿಕೆ ಸುಲಿಯುವುದು ಬೇರೆಯೇ ಲೆಕ್ಕ. ನೆಲದ ಮೇಲೆ ಕುಳಿತು ಮಾತಾಡುತ್ತ ಮಾಡುವ ಕೆಲಸ ಅದು. ಅದಕ್ಕೂ ಹೊತ್ತು ಗೊತ್ತುಮಾಡಲು ಹೋಗಿ ತಪ್ಪಿದೆ. ಕಿಲೋಗೆ ಇಷ್ಟು ಎಂದು ಬಿಟ್ಟುಕೊಟ್ಟ ಮೇಲೆ, ಮನೆಗೆಲಸ ಮುಗಿಸಿ ಬರುವ ಹೆಂಗಸರು ತಮಗೆ ಬೇಕಾದಾಗ ಬಂದು ಎಂಟು ಗಂಟೆ ಸುಲಿದರೂ ಅಡಿಕೆಗೆ ಗಾಯವಾಗುವುದಿಲ್ಲ.

ನನ್ನ ಮೇಜಿನ ಕೆಲಸ ಇವೆರಡರಲ್ಲಿ ಮರ ಏರುವುದಕ್ಕೇ ಹತ್ತಿರ. ಬೆಳಗಿನ ನಾಲ್ಕು ತಾಸು ಕಣ್ಣು ಚುರುಕಾಗಿರುತ್ತದೆ. ಒಮ್ಮೆ ಮಧ್ಯಾಹ್ನ ಅವಸರದಲ್ಲಿ ಮಾಡಿದ ಪತ್ರವೊಂದರಲ್ಲಿ ಮಲಯಾಳದ ‘ಅವಕಾಶ’ವನ್ನು ಹಾಗೆಯೇ ‘ಅವಕಾಶ’ ಎಂದು ಇಳಿಸಿಬಿಟ್ಟಿದ್ದೆ. ಅಲ್ಲಿ ಅದರ ಅರ್ಥ ಹಕ್ಕು. ಒಬ್ಬರ ಜಾಗದ ಹಕ್ಕು ಬರೀ ಅವಕಾಶವಾಗಿ ಹೋಗುತ್ತಿತ್ತು! ಮರುದಿನ ಬೆಳಿಗ್ಗೆ ಓದಿದಾಗ ಎದೆ ಝಲ್ಲೆಂದಿತು.

ಮೊದಲ ಮಹಾಯುದ್ಧ ಕಾಲದ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ದಾಖಲೆಗಳನ್ನು ಅರ್ಥಶಾಸ್ತ್ರಜ್ಞ ಜಾನ್ ಪೆನ್ಕಾವೆಲ್ 2014ರಲ್ಲಿ ವಿಶ್ಲೇಷಿಸಿದ್ದರು. ವಾರಕ್ಕೆ 70 ಗಂಟೆ ದುಡಿದಾಗಿನ ಉತ್ಪಾದನೆ 56 ಗಂಟೆಯದ್ದಕ್ಕಿಂತ ಹೆಚ್ಚೇನೂ ಇರಲಿಲ್ಲವಂತೆ. ಕಾರ್ಖಾನೆಗೆ ಅದು ಸರಿಯಿರಬಹುದು. ಮರದ ತುದಿಯಲ್ಲಿರುವವರಿಗೆ 56 ಕೂಡ ವಿಪರೀತ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಮಧ್ಯಾಹ್ನ ಟೈಪಿಂಗ್, ಕೂಲಿ ಲೆಕ್ಕ, ಹಳೆಯ ಕಡತ ಜೋಡಿಸುವುದು ಇಷ್ಟೇ. ‘ಸಂಜೆಯೊಳಗೆ ಬೇಕು’ ಎಂದು ಯಾರಾದರೂ ಪತ್ರ ತಂದರೆ ನಾಳೆ ಹತ್ತು ಗಂಟೆಗೆ ಬರಲು ಹೇಳುತ್ತೇನೆ.