ದುಬೈಗೆ ಹೊಸದಾಗಿ ಬಂದವರಿಗೆ: ಊರಿಗೆ ಕಳಿಸಿದ್ದೆಲ್ಲ ಉಳಿತಾಯವಲ್ಲ

ದುಬೈಯಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಆದರೂ ಹತ್ತು ಹದಿನೈದು ವರ್ಷ ದುಡಿದು ಬರಿಗೈಯಲ್ಲಿ ಮಂಗಳೂರಿನ ವಿಮಾನ ಹತ್ತಿದವರನ್ನು ನಾವಿಲ್ಲಿ ಕಂಡಿದ್ದೇವೆ. ಅವರೇನೂ ದುಂದುಗಾರರಲ್ಲ. ತಂಗಿಯ ಮದುವೆ, ಮನೆಗೆ ತಾರಸಿ, ತಮ್ಮನ ಕಾಲೇಜು ಫೀಸು ಅಂತ ತಿಂಗಳು ತಿಂಗಳೂ ಕಳಿಸಿದರು, ತಮ್ಮ ಹೆಸರಿನಲ್ಲಿ ಏನೂ ಇಟ್ಟುಕೊಳ್ಳಲಿಲ್ಲ. ಊರಿಗೆ ಕಳಿಸುವುದು ಮನೆಖರ್ಚಿನ ಲೆಕ್ಕ, ಉಳಿತಾಯದ ಲೆಕ್ಕವೇ ಬೇರೆ. ಮೊದಲ ಸಂಬಳದಿಂದಲೇ ಎರಡನ್ನೂ ಬೇರೆ ಮಾಡಿ.

ಅದಕ್ಕೆ ಊರಿನ ಬ್ಯಾಂಕಿನಲ್ಲಿ ಎನ್‌ಆರ್‌ಇ ಖಾತೆ, ಅಂದರೆ ಅನಿವಾಸಿಗಳು ಹೊರದೇಶದ ದುಡಿಮೆಯನ್ನು ರೂಪಾಯಿಯಲ್ಲಿ ಇಡುವ ಖಾತೆ, ತೆರೆಯಿರಿ. ನೀವು ಅನಿವಾಸಿಯಾಗಿರುವಷ್ಟು ಕಾಲ ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಬೇಕಾದಾಗ ಅಸಲು ಬಡ್ಡಿ ಎರಡನ್ನೂ ಇಲ್ಲಿಗೆ ತರಿಸಿಕೊಳ್ಳಬಹುದು. ಊರಿನ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒಗೆ, ಅಂದರೆ ಅನಿವಾಸಿಯ ಭಾರತದೊಳಗಿನ ಆದಾಯಕ್ಕಿರುವ ಖಾತೆಗೆ, ಬದಲಿಸಬೇಕು, ಮರೆಯಬೇಡಿ. ಸಂಬಳ ಬಿದ್ದ ದಿನವೇ ಒಂದು ಪಾಲು ಅಪ್ಪನ ಖಾತೆಗೆ, ಒಂದು ಪಾಲು ನಿಮ್ಮ ಎನ್‌ಆರ್‌ಇಗೆ ಹೋಗಲಿ. ದಿರ್ಹಮ್‌ಗೆ ಸಿಗುವ ರೂಪಾಯಿಯ ರೇಟು ಏರಲಿ ಅಂತ ಕಾಯುತ್ತ ಕೂತರೆ ಕೈಯಲ್ಲಿದ್ದ ದುಡ್ಡು ಕರಗುತ್ತದೆ. ದುಡ್ಡು ಕಳಿಸುವ ಎಕ್ಸ್‌ಚೇಂಜ್ ಅಂಗಡಿಯ ಬೋರ್ಡಿನ ದರವನ್ನಷ್ಟೇ ನೋಡದೆ, ಕಮಿಷನ್ ಕಳೆದು ಊರಲ್ಲಿ ಎಷ್ಟು ರೂಪಾಯಿ ಬೀಳುತ್ತದೆ ಅಂತ ಕೇಳಿ. ಬ್ಯಾಂಕಿನ ಹೊರಗೆ ಕೈಯಿಂದ ಕೈಗೆ ದುಡ್ಡು ಸಾಗಿಸುವ ಹುಂಡಿಯವರ ಸಹವಾಸವೇ ಬೇಡ.

ಇನ್ನು ಆಫರ್ ಲೆಟರ್. ಒಟ್ಟು ಸಂಬಳ ನೋಡಿ ಖುಷಿಪಟ್ಟು ಸಹಿ ಹಾಕುವವರೇ ಹೆಚ್ಚು. ಬೇಸಿಕ್, ಅಂದರೆ ಭತ್ಯೆ ಬಿಟ್ಟ ಮೂಲ ಸಂಬಳ, ಎಷ್ಟು ಅಂತ ನೋಡಿ, ಏಕೆಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಗ್ರಾಚ್ಯುಟಿಯ ಗಂಟು ಅದರ ಮೇಲೇ ನಿಂತಿದೆ. ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಬೇಸಿಕ್, ಆಮೇಲಿನ ವರ್ಷಗಳಿಗೆ 30 ದಿನಗಳದ್ದು. 4,000 ದಿರ್ಹಮ್ ಸಂಬಳದಲ್ಲಿ ಬೇಸಿಕ್ 2,400 ಇದ್ದರೆ ದಿನಕ್ಕೆ 80, ವರ್ಷಕ್ಕೆ 1,680, ಐದು ವರ್ಷಕ್ಕೆ 8,400. ಅದೇ ಸಂಬಳಕ್ಕೆ ಬೇಸಿಕ್ 1,500 ಅಂತ ಬರೆದಿದ್ದರೆ ಐದು ವರ್ಷಕ್ಕೆ ಕೈಗೆ ಬರುವುದು 5,250 ಮಾತ್ರ. ಮಾತಾಡುವುದಿದ್ದರೆ ಸಹಿ ಹಾಕುವ ಮುಂಚೆಯೇ ಮಾತಾಡಿ.

ಬಾಡಿಗೆಯೇ ದೊಡ್ಡ ಖರ್ಚು. ಪಕ್ಕದ ಶಾರ್ಜಾದಲ್ಲಿ ಅಗ್ಗ ನಿಜ, ಆದರೆ ಅಲ್ಲಿಗೆ ಮೆಟ್ರೋ ಇಲ್ಲ, ಸಂಜೆಯ ಟ್ರಾಫಿಕ್ಕಿನಲ್ಲಿ ಮೈ ಹಣ್ಣಾಗುತ್ತದೆ. ಒಂಟಿಯಾಗಿ ಬಂದವರು ದುಬೈಯ ಕರಾಮಾ, ಕುಸೈಸ್ ಕಡೆ ಮೆಟ್ರೋ ಹತ್ತಿರ ಬೆಡ್‌ಸ್ಪೇಸ್, ಅಂದರೆ ಹಂಚಿಕೊಂಡ ರೂಮಿನಲ್ಲಿ ಒಂದು ಹಾಸಿಗೆ, ಹಿಡಿಯುವುದು ಲೇಸು ಅಂತ ನನ್ನ ಅಭಿಪ್ರಾಯ. ರೂಮಿನವರೆಲ್ಲ ಸೇರಿ ಸರದಿಯ ಮೇಲೆ ಅಡುಗೆ ಮಾಡಿದರೆ ಹೋಟೆಲಿನ ಖರ್ಚು ತಪ್ಪುತ್ತದೆ. ಕುಚ್ಚಲಕ್ಕಿ, ಬ್ಯಾಡಗಿ ಮೆಣಸು ಎಲ್ಲ ಇಲ್ಲೇ ಸಿಗುತ್ತದೆ. ರೂಮಿನ ಚೀಟಿಗೆ ಮಾತ್ರ ಸೇರಬೇಡಿ. ಚೀಟಿ ಎತ್ತಿ ದುಡ್ಡು ಪಡೆದವನು ವೀಸಾ ಕ್ಯಾನ್ಸಲ್ ಮಾಡಿ ಹೊರಟರೆ ಕೇಳುವವರು ಯಾರು? ಕ್ರೆಡಿಟ್ ಕಾರ್ಡಿನವರ ಫೋನಿಗೂ ಬೇಡ ಅಂದುಬಿಡಿ.

ಕೆಲಸ ಹೋದರೆ ಅಂತ ಇಲ್ಲಿ 2023ರಿಂದ ವಿಮೆ ಕಡ್ಡಾಯ. ಬೇಸಿಕ್ 16,000 ದಿರ್ಹಮ್‌ವರೆಗಿದ್ದರೆ ತಿಂಗಳಿಗೆ 5 ದಿರ್ಹಮ್, ವಿಮೆ ಮಾಡಿಸದಿದ್ದರೆ 400 ದಂಡ. ಅದು ಕೊಡುವುದೂ ಬೇಸಿಕ್ಕಿನ 60 ಶೇಕಡಾ, ಹೆಚ್ಚೆಂದರೆ ಮೂರು ತಿಂಗಳು. ಅದೂ ಒಂದು ವರ್ಷ ಕಟ್ಟಿದವರಿಗೆ. ಹಾಗಾಗಿ ಎನ್‌ಆರ್‌ಇಗೆ ದೊಡ್ಡ ಮೊತ್ತ ಕಳಿಸುವ ಮೊದಲು ಮೂರು ತಿಂಗಳ ಬಾಡಿಗೆ, ಊಟ, ಊರಿಗೊಂದು ಟಿಕೆಟ್ಟಿನಷ್ಟು ದಿರ್ಹಮ್ ಇಲ್ಲಿನ ಬ್ಯಾಂಕಿನಲ್ಲೇ ಇರಲಿ.