ಮೆಕಾರ್ಥಿ ಕಾಲದ ಸಲಿಂಗಿ ಸಂಯೋಜಕರನ್ನು ಓದುವ, ಕೇಳುವ ಕ್ರಮ

ರಾಜಕೀಯ ದಮನದ ನಡುವೆ ಬದುಕಿದ ಸಲಿಂಗಿ ಸಂಗೀತ ಸಂಯೋಜಕರ ಬಗ್ಗೆ ಲೇಖನ ಬರೆಯಲು, ಉಪನ್ಯಾಸ ಕೊಡಲು ಅಥವಾ ಆಸಕ್ತರನ್ನು ಸೇರಿಸಿ ಸಂಗೀತ ಕೇಳಿಸುವ ಒಂದು ಸಂಜೆಯನ್ನು ಏರ್ಪಡಿಸಲು ಹೊರಟವರು, ಹಲವು ದೇಶಗಳ ಹೆಸರುಗಳನ್ನು ಒಂದೇ ದಾರದಲ್ಲಿ ಪೋಣಿಸುವುದುಂಟು. ಹಾಗೆ ಮಾಡಿದಾಗ ಎಲ್ಲರ ಕಥೆಯೂ ಒಂದೇ ಬಗೆಯಾಗಿ ಕೇಳಿಸುತ್ತದೆ. ಗಂಡಸರ ಸಲಿಂಗ ಸಂಬಂಧವನ್ನು 1934ರಲ್ಲಿ ದಂಡಸಂಹಿತೆಗೆ ಸೇರಿಸಿದ ಸೋವಿಯತ್ ಒಕ್ಕೂಟ, ಅದನ್ನೇ ಅಪರಾಧವೆನ್ನುವ, ನಾತ್ಸಿಗಳು ಬಿಗಿಗೊಳಿಸಿದ 175ನೆಯ ಕಲಮನ್ನು 1969ರವರೆಗೆ ಹಾಗೆಯೇ ಉಳಿಸಿಕೊಂಡ ಪಶ್ಚಿಮ ಜರ್ಮನಿ, ಕಮ್ಯುನಿಸ್ಟರನ್ನು ಹುಡುಕುತ್ತ ಜನರನ್ನು ವಿಚಾರಣೆಗೆ ಎಳೆದ ಸೆನೆಟರ್ ಜೋಸೆಫ್ ಮೆಕಾರ್ಥಿಯವರ ಕಾಲದ (1950ರ ದಶಕದ ಮೊದಲರ್ಧದ) ಅಮೆರಿಕ, ಈ ಮೂರರಲ್ಲೂ ಭಯದ ಸ್ವರೂಪ ಬೇರೆ ಬೇರೆಯಾಗಿತ್ತು. ಆದುದರಿಂದ ಮೊದಲ ಕೆಲಸ, ಒಂದು ದೇಶವನ್ನೂ ಒಂದೆರಡು ದಶಕಗಳನ್ನೂ ಆರಿಸಿಕೊಂಡು ಅಲ್ಲೇ ನಿಲ್ಲುವುದು. ಈ ಬರಹ ಅಮೆರಿಕವನ್ನು ಆರಿಸಿಕೊಂಡಿದೆ. ಅಲ್ಲಿನ ಕಡತಗಳು ಬಹುಮಟ್ಟಿಗೆ ಸಾರ್ವಜನಿಕರಿಗೆ ತೆರೆದಿವೆ, ಕೃತಿಗಳ ಧ್ವನಿಮುದ್ರಣಗಳೂ ಸುಲಭವಾಗಿ ಸಿಗುತ್ತವೆ.

ಸಂಗೀತವನ್ನು ಕೇಳುವ ಮೊದಲು ಕಾನೂನನ್ನು ಓದಬೇಕು. ಇಲಿನಾಯ್ ರಾಜ್ಯ 1961ರಲ್ಲಿ ತನ್ನ ಕಾನೂನನ್ನು ಬದಲಿಸುವವರೆಗೆ ಅಮೆರಿಕದ ಪ್ರತಿಯೊಂದು ರಾಜ್ಯದಲ್ಲೂ ಸಲಿಂಗ ಸಂಭೋಗ ಅಪರಾಧವಾಗಿತ್ತು. 1950ರ ಕೊನೆಯಲ್ಲಿ ಸೆನೆಟ್ಟಿನ ಉಪಸಮಿತಿಯೊಂದು, ಸಲಿಂಗಿಗಳು ಬೆದರಿಕೆಗೆ ಸುಲಭವಾಗಿ ಬಗ್ಗುವವರಾದ್ದರಿಂದ ಸರ್ಕಾರಿ ನೌಕರಿಗೆ ಅಪಾಯಕಾರಿ ಎಂದು ವರದಿ ಕೊಟ್ಟಿತು. 1953ರ ಏಪ್ರಿಲ್ 27ರಂದು ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ 10450ನೆಯ ಆಜ್ಞೆ, ‘ಲೈಂಗಿಕ ವಿಕೃತಿ’ಯನ್ನು ಕೇಂದ್ರ ಸರ್ಕಾರದ ನೌಕರಿಗೆ ಅನರ್ಹಗೊಳಿಸುವ ಕಾರಣಗಳ ಪಟ್ಟಿಗೆ ಸೇರಿಸಿತು. ಈ ತರ್ಕದಲ್ಲಿರುವ ವಕ್ರತೆಯನ್ನು ಓದುಗರ ಗಮನಕ್ಕೆ ತರಲೇಬೇಕು: ಬೆದರಿಸುವವನ ಕೈಗೆ ಅಸ್ತ್ರ ಕೊಟ್ಟದ್ದೇ ಆ ಕಾನೂನು, ಅಸ್ತ್ರವಿದೆ ಎಂಬ ಕಾರಣಕ್ಕೆ ಶಿಕ್ಷೆ ಮಾತ್ರ ಬೆದರಿಕೆಗೆ ಒಳಗಾಗಬಹುದಾದವನಿಗೆ. 2018ರವರೆಗೂ 377ನೆಯ ಕಲಮಿನ ನೆರಳಿನಲ್ಲಿದ್ದ ನಮ್ಮ ಓದುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಮೊಕದ್ದಮೆ ಹೂಡದೆಯೂ ಒಂದು ಕಾನೂನು ಹೇಗೆ ಕೆಲಸ ಮಾಡುತ್ತದೆ ಎಂಬುದು ಇಲ್ಲಿಯೂ ತಿಳಿದ ವಿಷಯವೇ.

ಎರಡನೆಯ ಕೆಲಸ, ಎರಡು ಆರೋಪಗಳನ್ನು ಬೇರ್ಪಡಿಸಿ ಇಟ್ಟುಕೊಳ್ಳುವುದು. ‘ಸಲಿಂಗಿಯಾದ್ದರಿಂದ ಇವರನ್ನು ವಿಚಾರಣೆಗೆ ಎಳೆದರು’ ಎಂಬ ವಾಕ್ಯ ತುಂಬಾ ಸಲೀಸಾಗಿ ಬರೆಸಿಕೊಳ್ಳುತ್ತದೆ, ಮತ್ತು ಬಹಳಷ್ಟು ಸಲ ಅದು ತಪ್ಪಾಗಿರುತ್ತದೆ. ಬಹಿರಂಗವಾಗಿ ಹೊರಿಸಿದ ಆರೋಪ ಕಮ್ಯುನಿಸ್ಟ್ ಒಲವಿನದು. ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮೊದಲ ಆರೋಪಕ್ಕೆ ಎಷ್ಟು ಗಟ್ಟಿಯಾಗಿ ಉತ್ತರಿಸಬಹುದು, ಎಷ್ಟರಮಟ್ಟಿಗೆ ಪತ್ರಿಕೆಗಳ ಮುಂದೆ ಹೋಗಿ ಜಗಳವಾಡಬಹುದು ಎಂಬ ಲೆಕ್ಕಾಚಾರದಲ್ಲಿ ಅದೂ ಸೇರಿಕೊಂಡಿರಲಿಲ್ಲವೆಂದು ನಂಬುವುದು ಕಷ್ಟ. ಹೀಗೆ ನಂಬುವುದು ಕಷ್ಟ ಎಂದಷ್ಟೇ ಬರೆಯಬೇಕು, ಸಾಬೀತಾಗಿದೆ ಎಂದಲ್ಲ. ಈ ಎರಡರ ನಡುವಿನ ಗೆರೆಯನ್ನು ಅಳಿಸಿದ ಲೇಖನ ಎಷ್ಟೇ ಸಹಾನುಭೂತಿಯಿಂದ ಕೂಡಿದ್ದರೂ ಅದಕ್ಕೆ ಬೆಲೆಯಿಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಕ್ರಮವನ್ನು ಅಭ್ಯಾಸ ಮಾಡಲು ಅಮೆರಿಕದ ಸಂಯೋಜಕ ಆರನ್ ಕೋಪ್ಲೆಂಡ್ (1900–1990) ಅವರಷ್ಟು ಒಳ್ಳೆಯ ಉದಾಹರಣೆ ಇನ್ನೊಬ್ಬರಿಲ್ಲ. ಅವರ ಬದುಕಿನ ತಾರೀಖುಗಳನ್ನು ಒಂದು ಹಾಳೆಯ ಎಡಬದಿಯಲ್ಲಿ, ಕೃತಿಗಳನ್ನು ಬಲಬದಿಯಲ್ಲಿ ಬರೆದುಕೊಳ್ಳಬೇಕು. 1934ರಲ್ಲಿ ಅವರು ಎಡಪಂಥೀಯ ಪತ್ರಿಕೆಯೊಂದರ ಸ್ಪರ್ಧೆಗಾಗಿ ಮೇ ದಿನದ ಹಾಡಿಗೆ ರಾಗ ಹಾಕಿ ಬಹುಮಾನ ಗೆದ್ದರು. 1942ರಲ್ಲಿ, ಯುದ್ಧದ ನಡುವೆ, ‘ಲಿಂಕನ್ ಪೋರ್ಟ್ರೇಟ್’ ಮತ್ತು ‘ಫ್ಯಾನ್‌ಫೇರ್ ಫಾರ್ ದ ಕಾಮನ್ ಮ್ಯಾನ್’ ಬರೆದರು. 1945ರಲ್ಲಿ ‘ಅಪಲೇಷಿಯನ್ ಸ್ಪ್ರಿಂಗ್’ ಕೃತಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. 1949ರ ಮಾರ್ಚಿನಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ನಡೆದ, ಸೋವಿಯತ್ ಸಂಯೋಜಕ ಶೊಸ್ತಕೋವಿಚ್ ಅವರೂ ಬಂದಿದ್ದ ಶಾಂತಿ ಸಮಾವೇಶದಲ್ಲಿ ಕೋಪ್ಲೆಂಡ್ ಭಾಗವಹಿಸಿದರು; ಮರುತಿಂಗಳು ‘ಲೈಫ್’ ಪತ್ರಿಕೆ ಕಮ್ಯುನಿಸ್ಟರ ಬೆನ್ನಿಗೆ ನಿಂತವರೆಂದು ಅಚ್ಚುಹಾಕಿದ 50 ಭಾವಚಿತ್ರಗಳಲ್ಲಿ ಅವರದೂ ಇತ್ತು. 1950ರಲ್ಲಿ ‘ರೆಡ್ ಚಾನೆಲ್ಸ್’ ಎಂಬ ಪುಸ್ತಿಕೆ ರೇಡಿಯೊ, ಟೆಲಿವಿಷನ್ ಲೋಕದ 151 ಹೆಸರುಗಳನ್ನು ಪಟ್ಟಿ ಮಾಡಿದಾಗ ಕೋಪ್ಲೆಂಡ್, ಲಿಯೊನಾರ್ಡ್ ಬರ್ನ್‌ಸ್ಟೈನ್, ಮಾರ್ಕ್ ಬ್ಲಿಟ್‌ಸ್ಟೈನ್ ಈ ಮೂವರು ಸಂಯೋಜಕರೂ ಅದರಲ್ಲಿದ್ದರು.

1953ಕ್ಕೆ ಬಂದಾಗ ಹಾಳೆಯ ಎಡಬದಿ ತುಂಬಿಕೊಳ್ಳುತ್ತದೆ. ಜನವರಿಯಲ್ಲಿ ಐಸೆನ್‌ಹೋವರ್ ಅಧಿಕಾರ ಸ್ವೀಕಾರದ ಸಂಗೀತ ಕಛೇರಿಯಿಂದ ‘ಲಿಂಕನ್ ಪೋರ್ಟ್ರೇಟ್’ ಅನ್ನು ತೆಗೆದುಹಾಕಲಾಯಿತು. ಇಲಿನಾಯ್ ಪ್ರತಿನಿಧಿ ಫ್ರೆಡ್ ಬಸ್ಬಿ ಅವರ ತಕರಾರು ಕೃತಿಯ ಮೇಲಲ್ಲ, ಬರೆದವರ ಸಹವಾಸದ ಮೇಲೆ. ಲಿಂಕನ್ನರ ಮಾತುಗಳನ್ನೇ ವಾದ್ಯವೃಂದದ ಜೊತೆ ಓದಿಸುವ ಕೃತಿಯನ್ನು, ಲಿಂಕನ್ನರದೇ ಪಕ್ಷದ ಅಧ್ಯಕ್ಷರೊಬ್ಬರ ಸಮಾರಂಭದಿಂದ, ಲಿಂಕನ್ನರದೇ ರಾಜ್ಯದವರೊಬ್ಬರು ಹೊರಹಾಕಿಸಿದರು. ಮೇ 26ರಂದು ಕೋಪ್ಲೆಂಡ್ ವಾಷಿಂಗ್ಟನ್ನಿನಲ್ಲಿ ಮೆಕಾರ್ಥಿಯವರ ಉಪಸಮಿತಿಯ ಮುಂದೆ, ಮುಚ್ಚಿದ ಬಾಗಿಲಿನೊಳಗೆ, ಕುಳಿತರು. ಸರ್ಕಾರದ ವಿನಿಮಯ ಯೋಜನೆಗಳ ಅಡಿಯಲ್ಲಿ ಲ್ಯಾಟಿನ್ ಅಮೆರಿಕಕ್ಕೂ ಇಟಲಿಗೂ ಹೋಗಿಬಂದವರು ಅವರಾದ್ದರಿಂದ ವಿದೇಶಾಂಗ ಇಲಾಖೆಯ ಮೇಲಿನ ತನಿಖೆಗೆ ಅವರು ಒದಗಿಬಂದರು. 10450ನೆಯ ಆಜ್ಞೆ ಹೊರಬಿದ್ದು ಆಗಿನ್ನೂ ಒಂದು ತಿಂಗಳೂ ತುಂಬಿರಲಿಲ್ಲ.

ಆ ವಿಚಾರಣೆಯ ಲಿಖಿತ ದಾಖಲೆಯನ್ನು ಸೆನೆಟ್ 2003ರಲ್ಲಿ ಬಹಿರಂಗಪಡಿಸಿತು. ಅದನ್ನು ಕಡ್ಡಾಯವಾಗಿ ಮೂಲದಲ್ಲೇ ಓದಬೇಕು, ಓದುವಾಗ ಮೂರು ಸಂಗತಿಗಳನ್ನು ಗುರುತು ಹಾಕಿಕೊಳ್ಳಬೇಕು. ಪ್ರಶ್ನೆಗಳು ಸಂಘ–ಸಂಸ್ಥೆಗಳ ಹೆಸರುಗಳ ಸುತ್ತಲೇ ತಿರುಗುತ್ತವೆ. ಕೋಪ್ಲೆಂಡ್ ತಾವು ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿರಲಿಲ್ಲವೆಂದು ನೇರವಾಗಿ ಹೇಳಿ, ಉಳಿದವುಗಳಿಗೆ ನೆನಪಿನ ಮಿತಿಯನ್ನೂ ತಾವು ರಾಜಕೀಯ ಚಿಂತಕರಲ್ಲವೆಂಬುದನ್ನೂ ಮುಂದೊಡ್ಡುತ್ತಾರೆ. ಮೂರನೆಯದು ಧಾಟಿ: ಅದು ವಿನಯದ ಧಾಟಿ, ಕೋಪ ಎಲ್ಲಿಯೂ ಮೇಲೆ ಬರುವುದಿಲ್ಲ. ಅದನ್ನು ಅಂಜಿಕೆಯೆಂದು ಓದುವವರಿದ್ದಾರೆ. ನನಗೆ ಅದು ತನ್ನ ಮನೆಯೊಳಕ್ಕೆ ಯಾರೂ ಇಣುಕದ ಹಾಗೆ ಬಾಗಿಲಲ್ಲೇ ನಿಂತು ಮಾತನಾಡಿಸಿ ಕಳುಹಿಸುವವರ ಜಾಣ್ಮೆಯಾಗಿ ಕಾಣುತ್ತದೆ. ಸಮಿತಿಯ ಮುಖ್ಯ ವಕೀಲ ರಾಯ್ ಕೋನ್ ಸ್ವತಃ ಸಲಿಂಗಿಯಾಗಿದ್ದು ಅದನ್ನು ಕೊನೆಯವರೆಗೂ ಅಲ್ಲಗಳೆದವರು ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗಬೇಕು. ಆ ವಿಪರ್ಯಾಸವನ್ನು ಹಿಗ್ಗಿಸುತ್ತ ಹೋದರೆ ಲೇಖನ ಕೋಪ್ಲೆಂಡರನ್ನು ಬಿಟ್ಟು ಕೋನ್ ಹಿಂದೆ ಓಡುತ್ತದೆ.

ಈಗ ಹಾಳೆಯ ಬಲಬದಿಗೆ ಬರಬಹುದು. 1954ರ ಏಪ್ರಿಲ್ 1ರಂದು ನ್ಯೂಯಾರ್ಕ್ ಸಿಟಿ ಆಪೆರಾದಲ್ಲಿ ಮೊದಲ ಪ್ರದರ್ಶನ ಕಂಡ ‘ದ ಟೆಂಡರ್ ಲ್ಯಾಂಡ್’ ಆಪೆರಾವನ್ನು ಪೂರ್ತಿಯಾಗಿ ಕೇಳಬೇಕು. ಪಠ್ಯ ಬರೆದವರು ಆಗ ಕೋಪ್ಲೆಂಡರ ಸಂಗಾತಿಯಾಗಿದ್ದ ಎರಿಕ್ ಜಾನ್ಸ್, ಆದರೆ ಅಚ್ಚಾದ ಹೆಸರು ಹೊರೇಸ್ ಎವರೆಟ್. ಕಥೆ ಸರಳ: ಕೆಲಸ ಹುಡುಕಿಕೊಂಡು ಹಳ್ಳಿಗೆ ಬಂದ ಇಬ್ಬರು ಅಲೆಮಾರಿ ಯುವಕರ ಮೇಲೆ ಊರಿನ ಹುಡುಗಿಯರ ಮೈಮುಟ್ಟಿದರೆಂಬ ಅನುಮಾನ ಬೀಳುತ್ತದೆ, ನಿಜವಾದ ತಪ್ಪಿತಸ್ಥರು ಸಿಕ್ಕಿದ್ದಾರೆಂಬ ಸುದ್ದಿ ಬಂದ ಮೇಲೂ ಮನೆಯ ಅಜ್ಜ, ನೀವು ಅಪರಾಧಿಗಳೇ ಎನ್ನುತ್ತಾನೆ. ಆ ಮಾತಿನಲ್ಲಿ ಮೆಕಾರ್ಥಿ ಕಾಲದ ಗಾಳಿ ಬೀಸುತ್ತಿದೆಯೆಂದು ಜಾನ್ಸ್ ಅವರೇ ನಂತರ ಒಪ್ಪಿಕೊಂಡದ್ದರಿಂದ ಇಷ್ಟನ್ನು ಧೈರ್ಯವಾಗಿ ಹೇಳಬಹುದು. ಇದಕ್ಕಿಂತ ಮುಂದೆ ಹೋಗಿ ಇಬ್ಬರು ಯುವಕರ ಜೋಡಿಯಲ್ಲಿ, ಯಾವುದೋ ಸ್ವರಾಂತರದಲ್ಲಿ, ಗುಪ್ತ ಸಂದೇಶ ಹುಡುಕುವ ಆಸೆಯನ್ನು ತಡೆದುಕೊಳ್ಳಬೇಕು. ಸಂಗೀತವನ್ನು ಬೀಗ ಹಾಕಿದ ದಿನಚರಿ ಪುಸ್ತಕವೆಂದು ತಿಳಿದು ಒಡೆಯಹೊರಡುವ ಓದು, ಆ ಸಮಿತಿಯವರ ಓದಿಗಿಂತ ಬಹಳ ದೂರವೇನೂ ಇಲ್ಲ. ಅದರ ಬದಲು ಮೊದಲ ಅಂಕದ ಕೊನೆಯಲ್ಲಿ ಬರುವ, ‘ದ ಪ್ರಾಮಿಸ್ ಆಫ್ ಲಿವಿಂಗ್’ ಎಂಬ ಐವರ ಹಾಡನ್ನು ಎರಡು ಸಲ ಕೇಳಬೇಕು: ಆ ಇಬ್ಬರು ಯುವಕರೊಡನೆ ಒಕ್ಕೊರಲಿನಿಂದ ಹಾಡಿದ ಅಜ್ಜನೇ ಮುಂದಿನ ಅಂಕದಲ್ಲಿ ಅವರನ್ನು ಅಟ್ಟುತ್ತಾನೆ.

ಕೋಪ್ಲೆಂಡರೊಬ್ಬರನ್ನೇ ನೋಡಿದರೆ ಆ ಕಾಲದ ದಾರಿ ಅದೊಂದೇ ಎಂಬ ಭಾವನೆ ಬರಬಹುದಾದ್ದರಿಂದ ಜೊತೆಯಲ್ಲಿ ಬ್ಲಿಟ್‌ಸ್ಟೈನರನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಅವರು ತಮ್ಮ ಸಲಿಂಗಪ್ರೇಮವನ್ನು ಆಪ್ತರಿಂದ ಮುಚ್ಚಿಟ್ಟವರಲ್ಲ, ಹಲವು ವರ್ಷ ಕಮ್ಯುನಿಸ್ಟ್ ಪಕ್ಷದ ಸದಸ್ಯರೂ ಆಗಿದ್ದರು. 1937ರ ಜೂನ್ 16ರಂದು ಅವರ ‘ದ ಕ್ರೇಡಲ್ ವಿಲ್ ರಾಕ್’ ನಾಟಕಕ್ಕೆ ಸರ್ಕಾರ ನಾಟಕಶಾಲೆಯ ಬಾಗಿಲು ಮುಚ್ಚಿದಾಗ, ತಂಡ ಮತ್ತು ಪ್ರೇಕ್ಷಕರು ಬೀದಿಯಲ್ಲಿ ನಡೆದು ಬೇರೊಂದು ನಾಟಕಶಾಲೆಗೆ ಹೋದರು. ನಟರು ರಂಗವೇರದಂತೆ ಅವರ ಸಂಘ ತಡೆದಿದ್ದರಿಂದ ಬ್ಲಿಟ್‌ಸ್ಟೈನ್ ಒಬ್ಬರೇ ಪಿಯಾನೊ ಮುಂದೆ ಕುಳಿತರು, ನಟರು ಪ್ರೇಕ್ಷಕರ ನಡುವೆ ಎದ್ದು ನಿಂತು ಹಾಡಿದರು. 1958ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸಮಿತಿ ಕರೆಸಿದಾಗ ತಾವು ಪಕ್ಷದಲ್ಲಿದ್ದುದನ್ನು ಒಪ್ಪಿಕೊಂಡು, ಬೇರೆಯವರ ಹೆಸರು ಹೇಳಲು ಒಪ್ಪಲಿಲ್ಲ. 1964ರ ಜನವರಿಯಲ್ಲಿ ಮಾರ್ಟಿನಿಕ್ ದ್ವೀಪದಲ್ಲಿ ಮೂವರು ನಾವಿಕರು ಅವರನ್ನು ಹೊಡೆದು ದೋಚಿದರು, ಅವರು ಅದರಿಂದಲೇ ಸತ್ತರು. ಅಮೆರಿಕದಲ್ಲಿ ಮರಣದಂಡನೆಗೆ ಒಳಗಾದ ಅರಾಜಕತಾವಾದಿಗಳಾದ ಸಾಕ್ಕೊ ಮತ್ತು ವಾನ್ಜೆಟ್ಟಿ ಕುರಿತು ಅವರು ಬರೆಯುತ್ತಿದ್ದ ಆಪೆರಾ ಅರ್ಧಕ್ಕೇ ಉಳಿಯಿತು. ಈ ಸಾವನ್ನು ರಾಜಕೀಯ ದಮನದ ಲೆಕ್ಕಕ್ಕೆ ಬರೆಯಲಾಗದು. ಇದು ಬೇರೆ ಬಗೆಯ ಹಿಂಸೆ.

ಇನ್ನೊಬ್ಬ ಅಮೆರಿಕನ್ ಸಂಯೋಜಕ ಹೆನ್ರಿ ಕವೆಲ್ ಅವರ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಂಧಿತರಾಗಿ ಸ್ಯಾನ್ ಕ್ವೆಂಟಿನ್ ಸೆರೆಮನೆಯಲ್ಲಿ ಸುಮಾರು ನಾಲ್ಕು ವರ್ಷ ಕಳೆದರು. ಆರೋಪ 17 ವರ್ಷದ ಯುವಕನೊಬ್ಬನಿಗೆ ಸಂಬಂಧಿಸಿದ್ದು, ಅದನ್ನು ಮರೆಮಾಚದೆ ಬರೆಯಬೇಕು; ಅದೇ ಕಾನೂನು ವಯಸ್ಕರ ಪರಸ್ಪರ ಒಪ್ಪಿಗೆಯ ಸಂಬಂಧವನ್ನೂ ಅಷ್ಟೇ ಅಪರಾಧವೆಂದು ನೋಡುತ್ತಿತ್ತು ಎಂಬುದನ್ನೂ ಬರೆಯಬೇಕು. ನಂತರ ಅವರು ಮದುವೆಯಾದರು, 1942ರಲ್ಲಿ ರಾಜ್ಯಪಾಲರಿಂದ ಕ್ಷಮಾದಾನ ಪಡೆದರು. ಆದ್ದರಿಂದ ಅವರ ಮೇಲೆ ಒಂದೇ ಗುರುತನ್ನು ಅಂಟಿಸುವುದು ಸರಿಯಾಗದು. ಕರ್ನಾಟಕ ಸಂಗೀತ ಬಲ್ಲ ಕೇಳುಗರಿಗೆ ಕವೆಲ್ ಹತ್ತಿರದವರಾಗಲು ಕಾರಣವಿದೆ: 1930ರ ದಶಕದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಅವರು ಸಂಗೀತಶಾಸ್ತ್ರಜ್ಞ ಪಿ. ಸಾಂಬಮೂರ್ತಿಯವರ ಬಳಿ ಈ ಸಂಗೀತವನ್ನು ಅಭ್ಯಾಸ ಮಾಡಿದ್ದರು, 1950ರ ದಶಕದಲ್ಲಿ ಮದ್ರಾಸಿಗೂ ಬಂದರು, ಅವರ 13ನೆಯ ಸಿಂಫನಿಯ ಹೆಸರೇ ‘ಮದ್ರಾಸ್’.

ಸಂಜೆಯ ಕಾರ್ಯಕ್ರಮಕ್ಕೆ ಕೃತಿಗಳನ್ನು ಜೋಡಿಸುವಾಗ ಕಾಲಾನುಕ್ರಮವನ್ನೇ ಪಾಲಿಸಿ, ಪ್ರತಿಯೊಂದರ ಮುಂಚೆ ಆ ವರ್ಷದ ಕಾನೂನಿನ ಅಥವಾ ವಿಚಾರಣೆಯ ಒಂದೆರಡು ವಾಕ್ಯಗಳನ್ನು ಮಾತ್ರ ಓದುವುದು ಸಾಕು. ಮೊದಲಿಗೆ ‘ಕ್ರೇಡಲ್’ನ ಒಂದು ದೃಶ್ಯ, ಬಳಿಕ ‘ಲಿಂಕನ್ ಪೋರ್ಟ್ರೇಟ್’ (ಸುಮಾರು 15 ನಿಮಿಷ), ಆಮೇಲೆ ‘ಟೆಂಡರ್ ಲ್ಯಾಂಡ್’ನ ಐವರ ಹಾಡು ಮತ್ತು ಅಜ್ಜನ ದೃಶ್ಯ, ಕೊನೆಗೆ ಕವೆಲ್. ಲಿಂಕನ್ನರ ಮಾತುಗಳ ಕನ್ನಡ ಸಾರಾಂಶವನ್ನು ಕೃತಿ ಶುರುವಾಗುವ ಮುಂಚೆಯೇ ಹಂಚಬೇಕು, ಇಲ್ಲವಾದರೆ ಜನ ಕಾಗದ ಓದುತ್ತ ವಾದ್ಯವೃಂದವನ್ನು ಮರೆಯುತ್ತಾರೆ. ಹಂಚುವ ಕಾಗದದಲ್ಲಿ ‘ಟೆಂಡರ್ ಲ್ಯಾಂಡ್’ನ ಪಠ್ಯಕಾರರನ್ನು ಹೊರೇಸ್ ಎವರೆಟ್ ಎಂದು ಬಿಡದೆ, ಎರಿಕ್ ಜಾನ್ಸ್ ಎಂದೇ ಅಚ್ಚು ಹಾಕಿಸಬೇಕು.